ಸಲಾಯಿನ್ ಅಂದರೆ ಯಾವುದು

ಅರಿವಳಿಕೆ ಕೊಡುವುದು ನನ್ನ ಕೆಲಸ, ಚಿಂತೆ ಮಾಡುವುದು ನನ್ನ ಸ್ವಭಾವ. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುವ ನಾನು ಯಾದಗಿರಿಯ ಆಪರೇಷನ್ ಕೋಣೆಯಲ್ಲಿ ಅಂದು ಒಂದು ಬಾಟಲಿಯ ಚೀಟಿ ಓದಲಿಲ್ಲ.

ಬೈಕಿನಿಂದ ಬಿದ್ದಿದ್ದ ಕೊಂಕಲ್‌ನ ಹೆಣ್ಣುಮಗಳ ತಲೆಬುರುಡೆ ತೆರೆದು ಸರ್ಜನ್ ರಕ್ತದ ಗಡ್ಡೆ ತೆಗೆಯುತ್ತಿದ್ದರು. ಬಿ.ಪಿ. ಇಳಿಯತೊಡಗಿತು. "ಸಿಸ್ಟರ್, ಸಲಾಯಿನ್ ಹಚ್ರಿ" ಎಂದೆ. ಸ್ವಲ್ಪ ಹೊತ್ತಿಗೆ ಸರ್ಜನ್ ತಲೆಯೆತ್ತದೆ ಕೇಳಿದರು: "ಮೆದುಳು ಉಬ್ಬಾಕತ್ತೈತಿ. ಏನ್ ಬಿಡಾಕತ್ತೀರಿ?"

ಮೇಲೆ ನೋಡಿದೆ. ತೂಗುತ್ತಿದ್ದದ್ದು ಗ್ಲೂಕೋಸ್. ಊದಿಕೊಂಡ ಮೆದುಳಿಗೆ ಅದು ಇನ್ನಷ್ಟು ನೀರು ತುಂಬಿಸುತ್ತದೆ.

"ಸಿಸ್ಟರ್, ಇದು ಗ್ಲೂಕೋಸ್ ಅಲ್ಲೇನ್ರಿ!"

"ನಮ್ಮ ಸುರಪುರದಾಗ ಎಲ್ಲಾ ಬಾಟ್ಲಿಗೂ ಸಲಾಯಿನ್ ಅಂತೀವ್ರಿ ಸರ. ನೀವೂ ಹಂಗೇ ಅಂದ್ರಿ."

ಹೌದು, ಉಪ್ಪುನೀರಿನದೇ ಬೇಕೆಂದು ಬಿಡಿಸಿ ಹೇಳದವನು ನಾನೇ. ಸರ್ಜನ್ನರ ಮುಂದೂ ಹಾಗೆಯೇ ಒಪ್ಪಿಕೊಂಡೆ. ಬಾಟಲಿ ಬದಲಾಯಿತು, ಊತದ ನೀರನ್ನು ಮೂತ್ರವಾಗಿ ಇಳಿಸುವ ಔಷಧ ಹೋಯಿತು. ಒಳಗೆ ಹೋದ ಗ್ಲೂಕೋಸ್ ಬಹಳವಿರಲಿಲ್ಲ, ಉಬ್ಬಿದ್ದು ಪೆಟ್ಟಿನಿಂದಲೂ ಇರಬಹುದು. ಹೀಗೆ ನನಗೆ ನಾನೇ ವಕೀಲನಾಗಿ ವಾದಿಸುತ್ತ ಮೂತ್ರದ ಚೀಲದಲ್ಲಿ ಬೀಳುವ ಹನಿ ಎಣಿಸಿದೆ. ಕಾಲು ಗಂಟೆಯಾದ ಮೇಲೆ ಸರ್ಜನ್ ಅಂದರು: "ಮೆತ್ತಗಾತ್ರಿ. ಈಗ ನೀವೂ ಉಸಿರು ಬಿಡ್ರಿ."

ಸಂಜೆ ಆಕೆ ಕಣ್ಣು ತೆರೆದು, ಹಿಡಿ ಎಂದಾಗ ನನ್ನ ಬೆರಳು ಹಿಡಿದಳು. ಹೊರಗೆ ಬಂದು ಹೇಳಿದರೆ ಗಂಡ ಕೈಮುಗಿದ: "ಭಾಳ ಸೊರಗ್ಯಾಳ್ರಿ ಸಾಹೇಬ್ರ. ಎರಡು ಬಾಟ್ಲಿ ಗ್ಲೂಕೋಸ್ ಏರಿಸ್ರಿ, ತಾಕತ್ ಬರ್ತೈತಿ."

"ಬ್ಯಾಡಪ್ಪಾ!" ಎಂದೆ. ವರಾಂಡದವರೆಲ್ಲ ತಿರುಗಿ ನೋಡಿದರು.