ಚೀಟಿ ಕಳೆದುಕೊಂಡ ಎಂಬತ್ತು ಡೇಲಿಯಾ

ಮರಗಳು ಎಲೆ ಉದುರಿಸಿ ಮುಗಿಸುವ ಹೊತ್ತಿಗೆ ತೋಟದ ಕೆಲಸವೂ ಮುಗಿಯಿತೆಂದು ಲೋಕವೆಲ್ಲ ತಿಳಿದಿರುವಾಗ, ನಿಜವಾದ ಕೆಲಸ ಶುರುವಾಗುವುದೇ ಆಗ ಎಂದು ಮೂವತ್ತೊಂದು ವರ್ಷ ಮಣ್ಣಿಗಿಳಿದು ತೋರಿಸಿಕೊಟ್ಟವರು ನಮ್ಮ ಉದ್ಯಾನದ ಹಿರಿಯ ತೋಟಗಾರರು. ಈ ವಿದ್ಯೆಯಲ್ಲಿ ಅವರಿಗೆ ಸರಿಸಾಟಿ ಯಾರಿದ್ದಾರೆ, ಹೇಳಿ! ತರಗೆಲೆಯನ್ನು ಗೊಬ್ಬರದ ಗುಂಡಿಗೆ ತುಂಬಿ, ಕುಂಡಗಳನ್ನು ಗಾಜಿನ ಮನೆಗೆ ಸಾಗಿಸಿದ ಮೇಲೂ ಅವರು ಡೇಲಿಯಾದ ಗೆಡ್ಡೆಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಿಮ ಬಿದ್ದು ಎಲೆ ಕಪ್ಪಾಗಬೇಕು, ಆಮೇಲೆಯೇ ಗುದ್ದಲಿ.

ಹನ್ನೆರಡು ವರ್ಷದ ಹಿಂದೆ, ಎಲೆ ಕಪ್ಪಾದ ಬೆಳಗ್ಗೆ, ತಾತ್ಕಾಲಿಕವಾಗಿ ಸೇರಿದ್ದ ಸಹಾಯಕಿಯೊಬ್ಬರು ಹಿರಿಯರಿಗಿಂತ ಮೊದಲೇ ಬಂದರು. ಭೇಷ್ ಎನ್ನಿಸಿಕೊಳ್ಳುವ ಹುರುಪಿನಲ್ಲಿ ಎಂಬತ್ತು ಗಿಡಗಳ ಕಾಂಡವನ್ನೂ ಕತ್ತರಿಸಿ, ಚೂರುಚೂರು ಮಾಡಿ ಗುಂಡಿಗೆ ಸುರಿದು, ಗೆಡ್ಡೆಗಳನ್ನೆಲ್ಲ ಅಗೆದು ರಾಶಿ ಹಾಕಿದರು. ಹೂವಿನ ಬಣ್ಣದ ಹೆಸರು ಬರೆದ ಚೀಟಿಗಳನ್ನು ಕಟ್ಟಿದ್ದದ್ದು ಆ ಕಾಂಡಗಳಿಗೇ! ಕೆಂಪು ಯಾವುದು, ಬಿಳಿ ಯಾವುದು, ಇನ್ನು ಹೇಳುವವರಿಲ್ಲ. ಬಣ್ಣಕ್ಕೊಂದು ಸಾಲು ಎಂಬುದೇ ಉದ್ಯಾನದ ಹೆಮ್ಮೆಯಾಗಿದ್ದ ಕಾಲವದು. ಕೆಲಸ ಹೋಯಿತೆಂದೇ ಆಕೆ ತಿಳಿದರು.

ಹಿರಿಯರು ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಗೆಡ್ಡೆಯ ಮಣ್ಣು ಕೊಡವಿ ನೋಡಿದರು. "ಒಂದಕ್ಕೂ ಗಾಯ ಆಗಿಲ್ಲ. ಚೆನ್ನಾಗಿ ತೆಗ್ದಿದ್ದೀಯಮ್ಮ. ಸಾಹೇಬರಿಗೆ ನಾನು ಹೇಳ್ಕೋತೀನಿ" ಎಂದರು. ಈ ಸಲ ಬೆರಕೆ ನೆಡುವುದೆಂದು ತಾನೇ ತೀರ್ಮಾನಿಸಿದ್ದಾಗಿ ಉದ್ಯಾನದ ಅಧೀಕ್ಷಕರ ಮುಂದೆ ನಿಂತು ಹೇಳಿ, ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು.

ಮುಂದಿನ ಬೇಸಗೆಯಲ್ಲಿ ಏನಾಯಿತೆನ್ನುತ್ತೀರಿ! ಹಳದಿಯ ಮಗ್ಗುಲಲ್ಲಿ ನೇರಳೆ, ಕೆಂಪಿನ ನಡುವೆ ಬಿಳಿ. ನೋಡಲು ಜನವೋ ಜನ! ಅಧೀಕ್ಷಕರು ಬೆನ್ನು ತಟ್ಟಲು ಬಂದರೆ ಹಿರಿಯರು ಸಹಾಯಕಿಯನ್ನು ಮುಂದೆ ತಳ್ಳಿ, "ಯೋಚನೆ ಇವಳದು ಸಾರ್, ನಾನು ಹೂಂ ಅಂದಿದ್ದಷ್ಟೇ" ಎಂದುಬಿಟ್ಟರು. ಆ ಹೊಗಳಿಕೆಯಿಂದಲೇ ಆಕೆಯ ಕೆಲಸ ಕಾಯಂ ಆಯಿತು. ನಿಜ ಹೇಳಲು ಆಕೆ ಬಾಯಿ ತೆರೆದಾಗಲೆಲ್ಲ ಹಿರಿಯರು ಕಣ್ಣಲ್ಲೇ ಗದರಿದರು.

ಈಗ ನಿವೃತ್ತರಾಗುತ್ತಿರುವ ಹಿರಿಯರ ಜಾಗಕ್ಕೆ ಆಕೆಯೇ ನೇಮಕವಾಗಿದ್ದಾರೆ. ಆದೇಶದಲ್ಲಿ 'ಬೆರಕೆ ಹೂಪಾತಿಯ ರೂವಾರಿ' ಎಂಬ ಬಿರುದು ಬೇರೆ! ಅದನ್ನು ಓದಿದಂದಿನಿಂದ ಆಕೆಗೆ ಊಟ ಸೇರುತ್ತಿಲ್ಲ. ಹಿರಿಯರಿಗಾಗಿ ನಾವು ತರುತ್ತಿರುವ ಈ ಅಭಿನಂದನ ಗ್ರಂಥ ಅಚ್ಚಿಗೆ ಹೋಗುವ ಮುನ್ನ ಬಂದು ಪಟ್ಟು ಹಿಡಿದರು: "ಅದು ನನ್ನ ತಪ್ಪು, ಯೋಚನೆ ಅಲ್ಲ. ಇದ್ದದ್ದು ಇದ್ದ ಹಾಗೆ ಬರೀರಿ. ಆ ಕೆಲಸ ಕೈತಪ್ಪಿದ್ರೂ ಪರವಾಗಿಲ್ಲ."

ಬರೆದಾಯಿತು, ಅಧೀಕ್ಷಕರೂ ಓದಲಿ. ಹಿರಿಯರು ನೂರ್ಕಾಲ ಗಟ್ಟಿಮುಟ್ಟಾಗಿ ಬಾಳಲಿ. ಗುಟ್ಟು ರಟ್ಟಾಯಿತೆಂದು ಅವರಿಗೆ ಸಿಟ್ಟು ಬಂದರೆ, ಬೈಯುವುದಕ್ಕಾದರೂ ನಾಳೆ ಬೆಳಗ್ಗೆ ತೋಟಕ್ಕೆ ಬರಲಿ. ಈ ವರ್ಷದ ಅರ್ಧದಷ್ಟು ಗೆಡ್ಡೆಗಳು ಇನ್ನೂ ಮಣ್ಣಿನಲ್ಲೇ ಇವೆ.