ಪಂಚಾಯ್ತಿ ರೇಡಿಯೋದ ಅರೆಬೆಸುಗೆ

ಹೊಳಲ್ಕೆರೆಯ ಜಂಪಣ್ಣ ರಿಪೇರಿ ಮಾಡಿಕೊಟ್ಟ ರೇಡಿಯೋ ಅಷ್ಟು ಸುಲಭಕ್ಕೆ ಮತ್ತೆ ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಗೂಡಂಗಡಿಗೆ ಹೊಸದುರ್ಗ, ಹಿರಿಯೂರು ಕಡೆಯ ಜನ ಕೂಡ ಟವಲಿನಲ್ಲಿ ಸುತ್ತಿದ ರೇಡಿಯೋಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅಂಥ ಕೈಗುಣದವನು ಮುಟ್ಟಿದ ಒಂದೇ ಒಂದು ರೇಡಿಯೋ ಮಾತ್ರ ಆರು ವಾರಕ್ಕೊಮ್ಮೆ ತಪ್ಪದೆ ಕೆಡುತ್ತಿತ್ತು. ಅದು ಬಿ.ದುರ್ಗದ ಪಂಚಾಯ್ತಿ ರೇಡಿಯೋ. ಅದು ಕೆಡುವಂತೆ ಮಾಡುತ್ತಿದ್ದವನು ಜಂಪಣ್ಣನೇ.

ದುಡ್ಡಿನಾಸೆಗೆ ಮಾಡಿದ ಅಂದುಕೊಂಡರೆ ತಪ್ಪು. ಪಂಚಾಯ್ತಿ ರೇಡಿಯೋ ವರ್ಷಕ್ಕಿಷ್ಟು ಅಂತ ಒಪ್ಪಿಕೊಂಡ ಕೆಲಸ. ಹೆಚ್ಚು ಸಲ ಹೋದಷ್ಟೂ ಬಸ್ಸಿನ ಖರ್ಚು ಅವನ ತಲೆಗೇ ಬರುತ್ತಿತ್ತು. ಅವನಿಗೆ ಬೇಕಾಗಿದ್ದು ಬೇರೆ. ಅದನ್ನು ಬಾಯಿಬಿಟ್ಟು ಕೇಳಲು ಬರದ ಪ್ರಾಣಿ ಅವನು.

ಅವನು ಹುಟ್ಟಿದ್ದು ಮದಕರಿಪುರದಲ್ಲಿ. ತಾಯಿ ಹೋದಾಗ ಹನ್ನೊಂದು ವರ್ಷ. ಸೋದರಮಾವ ಅವನನ್ನು ಚಿತ್ರದುರ್ಗದ ಒಬ್ಬ ಸಾಬರ ರೇಡಿಯೋ ಅಂಗಡಿಗೆ ಸೇರಿಸಿ ಕೈ ತೊಳೆದುಕೊಂಡ. ಕೆಲಸವೇನೋ ಚೆನ್ನಾಗಿಯೇ ಹತ್ತಿತು. ಹೆಣ್ಣೊಂದು ಗೊತ್ತಾಗಿ, ವೀಳ್ಯ ಆಗುವ ಮೊದಲೇ ತಪ್ಪಿಹೋಯಿತು. ಮತ್ತೊಮ್ಮೆ ಹುಡುಕುವವರು ಯಾರೂ ಇರಲಿಲ್ಲ. ಮೂವತ್ತಾರು ದಾಟುವ ಹೊತ್ತಿಗೆ ಅವನ ಪ್ರಪಂಚವೆಂದರೆ ಅಂಗಡಿ, ಅದರ ಹಿಂದಿನ ಒಂದು ಕೋಣೆ, ಎದುರಿನ ಹೋಟೆಲು.

ಅಂಗಡಿಯ ತುಂಬ ಬೆಳಗಿನಿಂದ ಸಂಜೆವರೆಗೆ ಮಾತೇ ಮಾತು. ವಾರ್ತೆ, ರೈತರಿಗೆ ಸಲಹೆ, ಚಿತ್ರಗೀತೆ, ಪೇಟೆ ಧಾರಣೆ. ಅಷ್ಟು ಮಾತಿನ ನಡುವೆ ಜಂಪಣ್ಣನಿಗೆ ಅಂತ ಬಂದ ಮಾತು ಎರಡೇ: "ಏನಾಗೈತೆ?" ಮತ್ತು "ಯಾವಾಗ ಕೊಡ್ತೀರಿ?" ಹೋಟೆಲಿನ ಮಾಣಿ ಏನು ಬೇಕೆಂದು ಕೇಳುವುದನ್ನೂ ಬಿಟ್ಟಿದ್ದ, ಎರಡು ಇಡ್ಲಿ ತಂದು ಕುಕ್ಕಿ ಹೋಗುತ್ತಿದ್ದ. ಶನಿವಾರ ಸಂಜೆ ಅಂಗಡಿ ಮುಚ್ಚಿದರೆ ಸೋಮವಾರದ ಮೊದಲ ಗಿರಾಕಿ ಬರುವ ತನಕ ಅವನ ಬಾಯಿಂದ ಒಂದಕ್ಷರ ಹೊರಡದ ವಾರಗಳಿದ್ದವು. ಸೋಮವಾರ ಉತ್ತರ ಹೇಳಲು ಹೋದರೆ ಗಂಟಲು ಕಟ್ಟಿರುತ್ತಿತ್ತು.

ಎಪ್ಪತ್ತೆರಡರ ಬೇಸಿಗೆಯಲ್ಲಿ ಬಿ.ದುರ್ಗದಿಂದ ಮೊದಲ ಕಾರ್ಡು ಬಂತು. ಬರೆದವನು ಪಂಚಾಯ್ತಿಯ ಜವಾನ ಪಾಲಯ್ಯ. ಸಂಜೆ ಹೊತ್ತು ಬೀಗ ತೆಗೆದು ಊರಿಗೆಲ್ಲ ರೇಡಿಯೋ ಹಾಕುವುದು ಅವನ ಕೆಲಸ. ಜಂಪಣ್ಣ ಹೋಗಿ ಪೆಟ್ಟಿಗೆಯ ಹಿಂಬದಿ ಬಿಚ್ಚಿ, ವಾಲ್ವುಗಳನ್ನು ಉಗುರಿನಿಂದ ಒಂದೊಂದಾಗಿ ತಟ್ಟಿ ನೋಡಿದ. ಕೂಗುವ ಸ್ಪೀಕರಿನಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋಗುತ್ತ, ದನಿ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂದು ಹುಡುಕುವುದು ಅವನ ಪದ್ಧತಿ. ಅರ್ಧ ಗಂಟೆಯಲ್ಲಿ ರೇಡಿಯೋ ಹಾಡಿತು.

ಪಕ್ಕದ ಮನೆಯ ಹೆಂಗಸರಿಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೋರಕ್ಕ ಮತ್ತು ಅವಳ ವಾರಗಿತ್ತಿ ಏಕಾಂತಮ್ಮ. ಬಿಸಿಲಲ್ಲಿ ಬಂದವನು ಹಾಗೇ ಹೋಗಬಾರದೆಂದು ಜಗಲಿ ಮೇಲೆ ಕೂರಿಸಿ ಮುದ್ದೆ ಇಟ್ಟರು. ಇಟ್ಟು ಸುಮ್ಮನಿದ್ದರೆ ಮಾತು ಬೇರೆ. ಎದುರಿಗೆ ಕೂತು ಯಾರ ಮಗ, ಯಾವ ಊರು, ಯಾಕೆ ಇಷ್ಟು ಸೊರಗಿದ್ದೀ ಅಂತ ಇಬ್ಬರೂ ಒಟ್ಟಿಗೇ ಕೇಳತೊಡಗಿದರು.

"ನಿಮ್ಮವ್ವ ಮುದ್ದೆಗೆ ಏನು ಮಾಡೋಳಪ್ಪ?" ಅಂದಳು ಬೋರಕ್ಕ.

ಇಪ್ಪತ್ತೈದು ವರ್ಷದಿಂದ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹುಚ್ಚೆಳ್ಳು ಹುರಿದು ಕುಟ್ಟಿದ ಚಟ್ನಿ ಎಂಬುದು ಅವನಿಗೇ ಆ ಕ್ಷಣ ನೆನಪಾಯಿತು. ಒಂದು ತಿಂಗಳ ಮೇಲೆ ವಾಲ್ವೊಂದು ಸುಟ್ಟು ಅವನು ಮತ್ತೆ ಹೋಗಬೇಕಾಗಿ ಬಂದಾಗ ತಟ್ಟೆಯಲ್ಲಿ ಹುಚ್ಚೆಳ್ಳು ಚಟ್ನಿ ಇತ್ತು. ಜಂಪಣ್ಣ ತಲೆ ಬಗ್ಗಿಸಿಕೊಂಡು ಉಂಡ. ಕಣ್ಣು ತುಂಬಿದ್ದು ಕಾಣಬಾರದೆಂದು ಖಾರ ಜಾಸ್ತಿ ಅಂದ.

ಊಟ ಮುಗಿಸಿ ಪೆಟ್ಟಿಗೆ ಮುಚ್ಚುವ ಮೊದಲು ಸ್ಪೀಕರಿನ ತಂತಿಗೆ ಒಂದು ಬೆಸುಗೆ ಬಾಕಿ ಇತ್ತು. ಗಟ್ಟಿಯಾಗಿ ಹಾಕಿದರೆ ಇನ್ನು ವರ್ಷ ಎರಡು ವರ್ಷ ಈ ಕಡೆ ಬರುವ ಕಾರಣವಿಲ್ಲ ಎಂದು ಹೊಳೆದದ್ದೇ ತಡ, ಕಾದ ಕಬ್ಬಿಣವನ್ನು ಅವನ ಕೈ ಒಂದು ಗಳಿಗೆ ಮೊದಲೇ ಎತ್ತಿಬಿಟ್ಟಿತು. ಇಂಥದ್ದಕ್ಕೆ ಅವರ ಕಸುಬಿನಲ್ಲಿ ಡ್ರೈ ಸೋಲ್ಡರ್ ಅನ್ನುತ್ತಾರೆ. ನೋಡಿದರೆ ತಂತಿ ಹಿಡಿದಂತೆಯೇ ಇರುತ್ತದೆ, ಒಳಗೆ ಕಚ್ಚಿರುವುದಿಲ್ಲ. ದಿನಾ ಸಂಜೆ ಪೆಟ್ಟಿಗೆ ಕಾದು ಆರಿ, ಕಾದು ಆರಿ, ಕೊನೆಗೊಂದು ದಿನ ಕರಕರ ಎಂದು ದನಿ ನಿಲ್ಲುತ್ತದೆ. ಆರು ವಾರಕ್ಕೆ ಸರಿಯಾಗಿ ಪಾಲಯ್ಯನ ಕಾರ್ಡು ಬಂತು. ಜಂಪಣ್ಣ ಹೊಸ ಅಂಗಿ ತೊಟ್ಟು ಬಸ್ಸು ಹತ್ತಿದ.

"ಬರ್ರಿ, ಕುಂತ್ಕಳ್ರಿ. ಇದ್ಯಾಕೆ ಜಂಪಣ್ಣ, ಪದೇ ಪದೇ ಹಿಂಗೆ?" ಎಂದು ಪಾಲಯ್ಯ ಕೇಳಿದಾಗ ಒಂದು ಸುಳ್ಳು ಬೇಕಾಯಿತು. ರೇಡಿಯೋದಿಂದ ಹೊರಟ ಅರ್ತ್ ತಂತಿ ಪಂಚಾಯ್ತಿ ಕೋಣೆಯ ಹಿಂದೆ ನೆಲಕ್ಕೆ ಹೊಡೆದ ಕಬ್ಬಿಣದ ಸರಳಿಗೆ ಸೇರುತ್ತಿತ್ತು. ಅದರ ಕಡೆ ಕೈ ತೋರಿಸಿ ಅವನು, "ಅರ್ತ್ ಒಣಗೈತೆ. ಬುಡ ತಂಪಾಗಿದ್ರೆ ದನಿ ಹೋಗಲ್ಲ" ಅಂದ.

"ನೀರು ತಾನೆ? ನಾನು ಹಾಕ್ತೀನಿ ಬಿಡು" ಅಂದಳು ಏಕಾಂತಮ್ಮ.

ಅಂದವಳು ಹಾಕಿಯೇ ಹಾಕಿದಳು. ಮಾರನೆಯ ದಿನದಿಂದ ಬೆಳಿಗ್ಗೆ ಎದ್ದು ಸರಳಿನ ಬುಡಕ್ಕೆ ಒಂದು ಬಿಂದಿಗೆ ನೀರು. ಬೇಸಿಗೆಯಲ್ಲಿ ಊರ ಬಾವಿ ತಳ ಕಂಡಾಗ ತೋಟದ ಬಾವಿಗೆ ಹೋಗಿ ತಂದಳು. ಬಿಂದಿಗೆ ಸೊಂಟಕ್ಕಿಟ್ಟು ಅಷ್ಟು ದೂರದಿಂದ ಬರುತ್ತಿದ್ದವಳನ್ನು ಜಂಪಣ್ಣ ಒಮ್ಮೆ ಬಸ್ಸಿನ ಕಿಟಕಿಯಿಂದ ಕಂಡ. ನಾಚಿಕೆಯಾಯಿತು. ಅವತ್ತು ಬಾಯಿಬಿಡಬೇಕಿತ್ತು, ಬಿಡಲಿಲ್ಲ. ಬಿಟ್ಟರೆ ಆ ಜಗಲಿ ತಪ್ಪುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು. ಎಪ್ಪತ್ತನಾಲ್ಕರ ಕೊನೆಗೆ ರೇಡಿಯೋ ಕೇಂದ್ರದವರು ಜೀಪಿನಲ್ಲಿ ಬಂದು ಬೋರಕ್ಕ, ಏಕಾಂತಮ್ಮನ ಸೋಬಾನೆ ಪದಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋದರು. ಪದ ಹೇಳಿಕೊಡುವವಳು ಬೋರಕ್ಕ, ಸೊಲ್ಲು ಹಿಡಿಯುವವಳು ಏಕಾಂತಮ್ಮ. ಒಂದು ಪದ ಮಾತ್ರ ಏಕಾಂತಮ್ಮ ಒಬ್ಬಳೇ ಹೇಳಿದ್ದು. ಹಿಡಿದದ್ದನ್ನು ಅವರು ಅಲ್ಲೇ ಚಕ್ರ ತಿರುಗಿಸಿ ಕೇಳಿಸಿದಾಗ ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರಂತೆ. ಪ್ರಸಾರದ ದಿನ ಕಾಗದ ಬರೆಯುತ್ತೇವೆಂದು ಹೇಳಿ ಹೋದರು.

ಸಂಕ್ರಾಂತಿ ಕಳೆದ ವಾರ ಬೋರಕ್ಕ ಜ್ವರದಲ್ಲಿ ಹೋದಳು. ಮುಂದಿನ ಸಲ ಜಂಪಣ್ಣ ಹೋದಾಗ ಜಗಲಿಯ ಮೇಲೆ ಏಕಾಂತಮ್ಮ ಒಬ್ಬಳೇ ಕೂತಿದ್ದಳು.

"ಒಂದು ಪಟ ಸಹ ತೆಗೆಸಿರಲಿಲ್ಲ ಜಂಪಣ್ಣ. ಹಾಡು ಬರತೈತಲ್ಲ, ಅವಳ ದನಿ ಇನ್ನೊಂದು ಸಲ ಕಿವಿಗೆ ಬಿದ್ರೆ ಸಾಕು ನಂಗೆ."

ಈ ಮಾತು ಕೇಳಿಸಿಕೊಂಡ ಮೇಲಾದರೂ ಬೆಸುಗೆ ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಬೋರಕ್ಕ ಹೋದ ಮನೆ ತನ್ನನ್ನು ಇನ್ನು ಮರೆಯುತ್ತದೆ ಎಂಬ ಹೆದರಿಕೆ ಅವನಿಗೆ. ಸರ್ಕಾರದ ಕಾಗದ ಅಷ್ಟು ಬೇಗ ಎಲ್ಲಿ ಬರುತ್ತದೆ, ಮುಂದಿನ ಸಲ ಬಂದಾಗ ಸರಿಯಾಗಿ ಹಾಕಿದರಾಯಿತು ಎಂದುಕೊಂಡು ಕಬ್ಬಿಣ ಎತ್ತಿದ.

ಆರು ವಾರದ ಹತ್ತಿರ ಹತ್ತಿರಕ್ಕೆ, ಒಂದು ಶುಕ್ರವಾರ, ಪಾಲಯ್ಯನ ಕಾರ್ಡು ಬಂತು. "ಗುರುವಾರ ಸಂಜೆ ಆರೂವರೆಗೆ ನಮ್ಮೂರ ಹೆಂಗಸರ ಪದ ರೇಡಿಯೋದಲ್ಲಿ ಬರುತ್ತದೆ. ತಾವು ಬಂದು ನಮ್ಮ ಜೊತೆ ಕೂತು ಕೇಳಬೇಕೆಂದು ಏಕಾಂತಮ್ಮ ಹೇಳಿಸಿದ್ದಾರೆ. ರೇಡಿಯೋ ಚೆನ್ನಾಗಿದೆ." ಆ ಊರಿನಿಂದ ರಿಪೇರಿಯ ಮಾತಿಲ್ಲದೆ ಬಂದ ಮೊದಲ ಕಾರ್ಡು ಅದು. ಗುರುವಾರ ನಿನ್ನೆ ಕಳೆದಿತ್ತು.

ಆ ಸಂಜೆ ದನಿ ನಿಂತಿತೋ ಇಲ್ಲವೋ ಎಂದು ಅವನು ಹೋಗಿ ನೋಡಬಹುದಿತ್ತು, ಹೋಗಲಿಲ್ಲ. ದಿನಾ ಅಂಚೆಯವನ ದಾರಿ ಕಾಯುತ್ತ, ಬರದಿದ್ದರೆ ಒಳ್ಳೆಯದೇ ಎಂದು ಸಮಾಧಾನ ಹೇಳಿಕೊಂಡ. ಒಂಬತ್ತನೆಯ ದಿನ ಇನ್ನೊಂದು ಕಾರ್ಡು ಬಂತು: "ರೇಡಿಯೋ ನಿಂತಿದೆ. ಏಕಾಂತಮ್ಮ ಯಾರಿಗೂ ಮುಟ್ಟಗೊಡುತ್ತಿಲ್ಲ. ಕೂಡಲೇ ಬರುವುದು."

ಪಂಚಾಯ್ತಿ ಕೋಣೆಯಲ್ಲಿ ರೇಡಿಯೋ ಒಂದು ಹಸಿರು ಸೀರೆಯಲ್ಲಿ ಸುತ್ತಿಕೊಂಡು ಕೂತಿತ್ತು. ಸೀರೆ ಬೋರಕ್ಕನದು. ಒಂಬತ್ತು ದಿನದಿಂದ ಊರಿಗೆ ವಾರ್ತೆಯಿಲ್ಲ, ಹಾಡಿಲ್ಲ. ಏಕಾಂತಮ್ಮನ ಮುಖ ನೋಡಿ ಯಾರೂ ಬಾಯಿ ತೆಗೆದಿರಲಿಲ್ಲ.

"ನಾನೊಬ್ಬಳೇ ಹೇಳಿದ ಪದ ಪೂರ್ತಿ ಬಂತು ಜಂಪಣ್ಣ" ಅಂದಳು ಅವಳು. "ಆಮೇಲೆ ಬೋರಕ್ಕ ಉಸಿರು ಎಳ್ಕಂಡಿದ್ದು ಕೇಳಿಸ್ತು. ಅಷ್ಟೇ, ಕರಕರ ಅಂತು. ತಪ್ಪು ನಂದೇ. ಅವತ್ತು ಊರಿನೋರೆಲ್ಲ ಬರ್ತಾರೆ ಅಂತ ಜಗಲಿ ಸಾರಿಸ್ತಾ ಕುಂತೆ, ನೀರು ಹಾಕೋದು ಮರೆತೆ. ಉಳಿದಿದ್ದು ಒಳಗೇ ಐತೆ. ಯಾರೂ ತಿರುವಬ್ಯಾಡ್ರಿ, ಜಂಪಣ್ಣ ಬಂದು ತೆಗೀತಾನೆ ಅಂದೀನಿ."

ಅವಳು ದಡ್ಡಿಯಲ್ಲ. ಹಾಡಿದ್ದನ್ನು ಪೆಟ್ಟಿಗೆಯೊಂದು ಒಳಗಿಟ್ಟುಕೊಂಡು ಮತ್ತೆ ಕೇಳಿಸಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಆ ಪೆಟ್ಟಿಗೆ ಬೇರೆ, ಈ ಪೆಟ್ಟಿಗೆ ಬೇರೆ, ಇದು ಬಂದದ್ದನ್ನು ಕೂಗುತ್ತದೆಯೇ ಹೊರತು ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಅವಳಿಗೆ ಯಾರು ಹೇಳಿದ್ದರು? ಹೇಳಬೇಕಾದವನು ಬಾಗಿಲಲ್ಲಿ ನಿಂತು ಬೆವರುತ್ತಿದ್ದ. "ಒಂದು ಸಾಮಾನು ತರಬೇಕು ಅಕ್ಕ, ನಾಳಿದ್ದು ಬತ್ತೀನಿ" ಎಂದು ಅಲ್ಲಿಂದ ಹೊರಟ.

ಮಾರನೆಯ ದಿನ ಎರಡು ಬಸ್ಸು ಬದಲಾಯಿಸಿ ರೇಡಿಯೋ ಕೇಂದ್ರಕ್ಕೆ ಹೋದ. ಮೇಜಿನ ಹಿಂದಿದ್ದವರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟು ಪುಸ್ತಕ ತೆಗೆದು ನೋಡಿದರು.

"ಆ ಟೇಪು ಅಳಿಸಿ ಆಯ್ತಲ್ಲ. ಅದರ ಮೇಲೆ ಗೊಬ್ಬರದ ಬಗ್ಗೆ ಮಾತುಕತೆ ಹಿಡಿದಿದಾರೆ. ಇರೋ ಟೇಪೇ ಇಷ್ಟು ನೋಡಿ, ಒಂದನ್ನ ಅಳಿಸಿದ್ರೇ ಇನ್ನೊಂದಕ್ಕೆ ಜಾಗ."

ಹೊರಗೆ ಬಂದು ಮರದ ಕೆಳಗೆ ಬಹಳ ಹೊತ್ತು ಕೂತ. ಹಾಗೇ ಹೊಳಲ್ಕೆರೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಆದರೆ ಅವಳು ತನ್ನದೇ ತಪ್ಪು ಎಂದುಕೊಂಡು ಉಳಿದ ಆಯುಷ್ಯವೆಲ್ಲ ಆ ಒಂದು ಬಿಂದಿಗೆ ನೀರನ್ನು ನೆನೆಯುತ್ತಾಳೆ. ಅದೊಂದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಬಿ.ದುರ್ಗಕ್ಕೆ ಬಂದವನು ಸೀರೆ ಬಿಚ್ಚದೆ, ಪೆಟ್ಟಿಗೆ ಮುಟ್ಟದೆ, ನಿಂತುಕೊಂಡೇ ಹೇಳಿದ. ರೇಡಿಯೋ ಒಳಗೆ ಏನೂ ಉಳಿಯುವುದಿಲ್ಲ ಎಂದು ಹೇಳಿದ. ಟೇಪೂ ಹೋಯಿತು ಎಂದು ಹೇಳಿದ. ಆಮೇಲೆ ಉಳಿದದ್ದನ್ನು ಹೇಳಿದ.

"ಅರ್ತ್ ಒಣಗಿರಲಿಲ್ಲ ಅಕ್ಕ. ನೀರಿಗೂ ಅದಕ್ಕೂ ಸಂಬಂಧ ಇಲ್ಲ. ನಾನೇ ಬೆಸುಗೆ ಸಡಿಲ ಬಿಡ್ತಿದ್ದೆ. ಪ್ರತೀ ಸಲ."

ಏಕಾಂತಮ್ಮ ಅವನ ಮುಖವನ್ನೇ ನೋಡಿದಳು. "ಯಾಕೆ?"

"ಕೆಟ್ರೆ ತಾನೆ ನೀವು ಕರೆಯಾದು."

ಅವಳು ಸೀರೆಯ ಗಂಟು ಬಿಚ್ಚಿ, ನಿಧಾನಕ್ಕೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಸುಮ್ಕೆ ಬಂದಿದ್ರೂ ಇಕ್ತಿದ್ವಲ್ಲಪ್ಪ" ಅಂದಳು. "ಬೋರಕ್ಕ ಬಸ್ಸಿನ ಸದ್ದಾದಾಗೆಲ್ಲ ಎದ್ದು ಹೋಗಿ ನೋಡೋಳು, ಜಂಪಣ್ಣ ಏನಾರ ಬಂದ್ನಾ ಅಂತ."

ಅಷ್ಟು ಹೇಳಿ ಒಳಗೆ ಹೋದಳು. ಜಂಪಣ್ಣ ಪೆಟ್ಟಿಗೆ ಬಿಚ್ಚಿ, ಹಳೆಯ ಬೆಸುಗೆಯನ್ನೆಲ್ಲ ಕೆರೆದು ತೆಗೆದು, ತಂತಿ ಹೊಳೆಯುವಂತೆ ಉಜ್ಜಿ, ಸೀಸ ನೀರಾಗಿ ಹರಿದು ಕಚ್ಚುವ ತನಕ ಕಬ್ಬಿಣ ಹಿಡಿದ. ಎಳೆದು ನೋಡಿದ, ಜಗ್ಗಲಿಲ್ಲ. ರೇಡಿಯೋ ಹಾಕಿದರೆ ಯಾರೋ ಪೇಟೆ ಧಾರಣೆ ಓದುತ್ತಿದ್ದರು. ಆರಿಸಿ, ಸಾಮಾನು ಚೀಲಕ್ಕೆ ತುಂಬಿ, ಜಗಲಿಗೆ ಬಂದು ಕೂತ. ಒಳಗೆ ಮುದ್ದೆ ತೊಳಸುವ ಸದ್ದು ಕೇಳುತ್ತಿತ್ತು.

ಏಕಾಂತಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ.

"ಕೆಲಸ ಮುಗೀತೇನಪ್ಪ?"

"ಮುಗೀತು ಅಕ್ಕ. ಇನ್ನ ಕೆಡಲ್ಲ."

"ಹಂಗಾರೆ ಹೊರಡು. ಬಸ್ಸಿನ ಹೊತ್ತಾಯ್ತು."

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟ.

ಆಮೇಲೆ ಬಿ.ದುರ್ಗದಿಂದ ಕಾರ್ಡು ಬರಲಿಲ್ಲ. ಆರು ವಾರವಾಯಿತು, ಮಳೆಗಾಲ ಕಳೆಯಿತು, ವರ್ಷ ತಿರುಗಿತು. ಸುಮ್ಮನೆ ಹೋಗಿದ್ದರೂ ಆಗುತ್ತಿತ್ತು ಎಂದು ತಿಳಿದದ್ದು ಇನ್ನು ಹೋಗಲಾಗದ ದಿನ. ಒಮ್ಮೆ ಮನಸ್ಸು ತಡೆಯದೆ ಆ ಕಡೆಯ ಬಸ್ಸಿನ ಕಂಡಕ್ಟರ್ ಎತ್ತಪ್ಪನನ್ನು ಅಂಗಡಿಗೆ ಕರೆದು, ಟೀ ತರಿಸಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದ:

"ಬಿ.ದುರ್ಗದ ಪಂಚಾಯ್ತಿ ರೇಡಿಯೋ ಹೆಂಗೈತೆ?"

"ಬಲು ಚೆನ್ನಾಗಿ ಹಾಡ್ತೈತೆ ಕಣ್ರಿ" ಅಂದ ಎತ್ತಪ್ಪ. "ಒಂದಿನಾನೂ ಕೆಟ್ಟಿಲ್ಲ."