ಉದ್ದಣ್ಣನ ಕೈಗೆ ಚೆಂಡು ಕೊಟ್ಟ ಜಲಜಕ್ಕ

ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿದೆ. ಅತ್ತೆಯ ಮಾತ್ರೆ ತೆಗೆದಿಟ್ಟೆ, ಹುರುಳಿ ಬೇಯಲು ಇಟ್ಟೆ, ಅಂಗಳದ ಮಲ್ಲಿಗೆ ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕಿದೆ. ಏಳೂಕಾಲರ ಬಸ್ಸು ಹಿಡಿದು ಬಸ್ರೂರಿನಿಂದ ಕುಂದಾಪುರದ ಬೀಜದ ಕಾರ್ಖಾನೆಗೆ ಹೋದೆ. ಗಿರಿಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇರುಬೀಜದ ಸಿಪ್ಪೆ ತೆಗೆಯುವುದನ್ನು ತೋರಿಸಿದೆ. ಸಂಜೆ ಸುಲಿದ ಬೀಜದ ತೂಕಕ್ಕೆ ನಿಂತಾಗ ಇಡೀ ಸಾಲಿನಲ್ಲಿ ನನ್ನದೇ ಕಡಿಮೆ ಬಂತು, ಎಲ್ಲರೆದುರು ಬೈಸಿಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ಕೂತು ಬಾಸ್ಕೆಟ್‌ಬಾಲ್ ಪಂದ್ಯವೊಂದನ್ನು ನಲವತ್ತೊಂದು ಪಾಯಿಂಟುಗಳಿಂದ ಸೋತೆ.

ಬೈಸಿಕೊಳ್ಳುವುದು, ಸೋಲುವುದು, ಇವೆರಡನ್ನೂ ನನಗೆ ಹಚ್ಚಿದವಳು ಜಲಜಕ್ಕ.

ಜಲಜಕ್ಕನಷ್ಟು ಎತ್ತರದ ಹೆಂಗಸು ನಮ್ಮ ಬಸ್ಸಿನಲ್ಲಿ ಇನ್ನೊಬ್ಬಳಿರಲಿಲ್ಲ. ಒಳಗೆ ಬರುವಾಗ ಕತ್ತು ಬಗ್ಗಿಸಿಯೇ ಬರುತ್ತಿದ್ದಳು, ಬಗ್ಗಿಸಬೇಕಾಯಿತೆಂಬ ಸಿಟ್ಟು ಮುಖದ ಮೇಲೆ ಇದ್ದೇ ಇರುತ್ತಿತ್ತು. ಸಿಟ್ಟು ಬಂದರೆ ಕೂಗುವವಳಲ್ಲ. ಕೈಯಲ್ಲಿದ್ದುದನ್ನು ಕುಕ್ಕುವವಳು. ಬುತ್ತಿ ಡಬ್ಬಿಯ ತಳ ನಾಲ್ಕು ಕಡೆ ನೆಗ್ಗಿತ್ತು. ಹಾಕಿದ ಜಾಗದಲ್ಲೇ ಸುಮ್ಮನೆ ಕೂತವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಕೂರಿಸಿದವರನ್ನು ಕಂಡರಂತೂ ಕೇಳುವುದೇ ಬೇಡ.

ಅದು ಹೈಸ್ಕೂಲಿನಿಂದ ಬಂದ ಸಿಟ್ಟು. ಎತ್ತರ ನೋಡಿ ಅವಳನ್ನು ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡಿದ್ದರಂತೆ. "ಮೂರ್ ವರ್ಷ ಆಡ್ದೆ ಹೆಣೇ. ಚೆಂಡ್ ನೆಲಕ್ಕ್ ಬಡ್ದದ್ದ್ ಒಂದ್ ಸರ್ತಿಯೂ ಇಲ್ಲೆ. ರಿಂಗ್ ಅಡಿಗ್ ನಿಂತ್ಕಂಡ್ ಬಂದದ್ದ್ ಹಿಡ್ದ್ ಮೇಲ್ ಹಾಕುದ್, ಅಷ್ಟೇ. ಒಂದ್ ಕಂಬ ನೆಟ್ರೆ ಸಾಕಿತ್ತಲ್ದಾ ಅವ್ರಿಗೆ?" ಚೆಂಡು ಪುಟಿಸಿಕೊಂಡು ಓಡುವುದು ಗಿಡ್ಡ ಹುಡುಗಿಯರ ಕೆಲಸ ಎಂದಿದ್ದ ಮಾಸ್ತರರನ್ನು ಅವಳು ಐವತ್ತೆರಡನೆಯ ವಯಸ್ಸಿನಲ್ಲೂ ಕ್ಷಮಿಸಿರಲಿಲ್ಲ.

ಕಾರ್ಖಾನೆಯಲ್ಲೂ ಹಾಗೆಯೇ ಆಯಿತು. ಕಣ್ಣು ಚುರುಕು ಎಂದು ಮೊದಲ ದಿನವೇ ಗ್ರೇಡಿಂಗ್ ಮೇಜಿಗೆ ಕೂರಿಸಿದರು. ಇಡೀ ಬೀಜ ಒಂದು ಕಡೆ, ಹೋಳು ಒಂದು ಕಡೆ, ಚೂರು ಒಂದು ಕಡೆ. ಇಪ್ಪತ್ತೆರಡು ವರ್ಷ ಅದೇ ಮೇಜು. ನಾನು ಅಷ್ಟೇ ವರ್ಷ ಪೀಲಿಂಗ್, ಎಂದರೆ ಸಿಪ್ಪೆ ತೆಗೆಯುವ ಸಾಲಿನಲ್ಲಿ. ನನಗೆ ಬೇಸರವೆಂದು ಅನಿಸಿದ್ದೇ ಇಲ್ಲ. ಅದಕ್ಕೂ ಅವಳು ನನ್ನ ಮೇಲೆ ಸಿಡುಕುತ್ತಿದ್ದಳು.

ಮುಂಬಯಿಯ ಹೋಟೆಲಿನಲ್ಲಿರುವ ಅವಳ ತಮ್ಮ ಒಮ್ಮೆ ರಜೆಗೆ ಬಂದವನು ಅವಳ ಫೋನಿಗೆ ಒಂದು ಆಟ ಹಾಕಿಕೊಟ್ಟ. ಅದರಲ್ಲಿ ನಾವು ಓಡುವುದಿಲ್ಲ, ಎಸೆಯುವುದಿಲ್ಲ. ತಂಡದ ಯಜಮಾನಿಕೆ ನಮ್ಮದು. ಯಾವ ಐದು ಮಂದಿ, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳಿಟ್ಟರೆ ಶನಿವಾರ ಸಂಜೆ ಐದಕ್ಕೆ ಪಂದ್ಯ ತಾನೇ ನಡೆಯುತ್ತದೆ, ದೂರದ ಯಾವುದೋ ಊರಿನವರ ತಂಡದ ಎದುರು. ಆಟದ ನಿಯಮ ಒಂದೇ. ಹುಡುಗ ಆ ವಾರ ಯಾವ ಜಾಗದಲ್ಲಿ ಆಡಿದನೋ ಆ ಜಾಗದ ಕೆಲಸವನ್ನು ಮಾತ್ರ ಕಲಿಯುತ್ತಾನೆ. ಎತ್ತರದವನನ್ನು ರಿಂಗಿನ ಅಡಿ ನಿಲ್ಲಿಸಿದರೆ ಗೆಲ್ಲಬಹುದು, ಆದರೆ ಅವನಿಗೆ ಅದೊಂದೇ ಬರುತ್ತದೆ. ಚೆಂಡು ಪುಟಿಸುವುದನ್ನು ಕಲಿಸಬೇಕಾದರೆ ಗಿಡ್ಡರ ಜಾಗದಲ್ಲಿ ಆಡಿಸಬೇಕು, ಆಗ ರಿಂಗಿನ ಅಡಿ ಖಾಲಿ ಬಿದ್ದು ಸೋಲುತ್ತೇವೆ. ವಾರಗಟ್ಟಲೆ ಸೋತರೆ ಅಂಕ ಒಂದು ಮೇಲೇರುತ್ತದೆ.

ಜಲಜಕ್ಕನ ತಂಡದಲ್ಲಿ ಏಳಡಿಯ ಹುಡುಗನೊಬ್ಬನಿದ್ದ. ಆಟದವರು ಅವನಿಗಿಟ್ಟ ಹೆಸರು ಬೇರೆ ಏನೋ, ಅವಳು ಕರೆದದ್ದು ಉದ್ದಣ್ಣ ಎಂದು. ಬಂದಾಗ ಚೆಂಡು ಪುಟಿಸುವುದರಲ್ಲಿ ಅವನ ಅಂಕ ಮೂರು. ಅವನನ್ನು ಗಿಡ್ಡರ ಜಾಗದಲ್ಲಿ ನಿಲ್ಲಿಸಿ ಅವಳು ಸೋಲತೊಡಗಿದಳು. ತಂಡ ಕೆಳಗಿನ ದರ್ಜೆಗೆ ಇಳಿಯಿತು, ಮತ್ತೂ ಇಳಿಯಿತು. ಶನಿವಾರದ ಬಸ್ಸಿನಲ್ಲಿ ಫೋನನ್ನು ಒಂದು ಮೊಳ ದೂರ ಹಿಡಿದು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾ ಅವಳು ಆ ಹುಡುಗನಿಗೆ ಬೈಯುತ್ತಿದ್ದಳು: "ಕೊಡ್ ಮಾರಾಯ ಪಾಸ್! ಹಿಡ್ಕಂಡ್ ಎಂತ ಮಾಡ್ತೆ, ಪೂಜೆ ಮಾಡ್ತ್ಯಾ?"

ಕಂಡಕ್ಟರನಿಗೆ ಅದೊಂದು ತಮಾಷೆ. "ಹ್ವಾಯ್ ಜಲಜಕ್ಕ, ಇವತ್ತೂ ಸೋತ್ರ್ಯಾ?"

"ಸೋತದ್ದಲ್ಲ, ಕಲ್ಸುದ್. ನೀ ಹತ್ ವರ್ಷ ಆಯ್ತ್ ಟಿಕೆಟ್ ಹರೂಕೆ ಹಿಡ್ದ್. ಒಂದಿನಾ ಸ್ಟೇರಿಂಗ್ ಮುಟ್ಟಿದ್ಯಾ?"

"ನಾ ಮುಟ್ರೆ ನೀವ್ಯಾರೂ ಮನಿಗ್ ಹೋಪುಕಿಲ್ಲೆ!"

ಬಸ್ಸೆಲ್ಲ ನಕ್ಕಿತು. ಅವಳು ನಗಲಿಲ್ಲ. ಡಬ್ಬಿ ಕುಕ್ಕಿದಳು.

ಒಂದು ಮಳೆಗಾಲ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ನನ್ನ ಹತ್ತಿರ ಬಂದು ಕೂತಳು. ಗ್ರೇಡಿಂಗ್ ಮಾಡುವ ಮೆಷಿನ್ ಬೇರೆ ಕಾರ್ಖಾನೆಗಳಿಗೆ ಬಂದ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಪೀಲಿಂಗ್ ಕಲಿಯಬಹುದೇ ಎಂದು ಸೂಪರ್‌ವೈಸರನನ್ನು ಕೇಳಿಯೂ ಆಗಿತ್ತು. ಪೀಲಿಂಗಿನವರು ಯಾರಾದರೂ ಪಕ್ಕ ಕೂರಿಸಿಕೊಂಡರೆ ನನ್ನ ಅಡ್ಡಿಯೇನೂ ಇಲ್ಲ, ತೂಕ ಮಾತ್ರ ಬೀಳಬಾರದು ಎಂದಿದ್ದನಂತೆ.

"ಸುಮತಿ, ಒಂದ್ ತಿಂಗ್ಳ್ ನಿನ್ ಪಕ್ಕ ಕೂಕಂತೆ. ಕೈ ಹತ್ಸಿ ಕೊಡ್."

"ನೀ ಬೀಜ ಮುರಿತೆ ಅಕ್ಕ. ನನ್ ತೂಕ ಬೀಳತ್ತ್. ಕಡಿಗೆ ಎಲ್ರೆದ್ರ್ ಬೈಸ್ಕಂಬ್ದ್ ನಾನ್."

"ಬೈಲಿ ಹೆಣೇ. ಒಂದ್ ತಿಂಗ್ಳ್ ಅಲ್ದಾ?"

"ಮಳಿಗಾಲ ಮುಗೀಲಿ, ಕಾಂಬ."

ಮಳೆಗಾಲ ಮುಗಿಯಿತು. ನಾನು ಆ ಮಾತೆತ್ತಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನನ್ನ ತೂಕ ಕಡಿಮೆ ಬಂದಿರಲಿಲ್ಲ. ಆ ಹೆಸರು ಕೆಡಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಎರಡನೇ ಸಲ ಕೇಳುವ ಜಾತಿಯಲ್ಲ ಅವಳು.

ಮೆಷಿನ್ ನಮ್ಮಲ್ಲಿಗೂ ಬಂತು. ಹನ್ನೆರಡು ಮಂದಿ ಒಂದು ದಿನ ಹಿಡಿದು ಆರಿಸುವಷ್ಟನ್ನು ಮಧ್ಯಾಹ್ನದ ಊಟದ ಹೊತ್ತಿನೊಳಗೆ ಮುಗಿಸಿ ಬಿಸಾಡಿತು. ಮೆಷಿನಿನ ಹಿಂದೆ ನೋಡಿಕೊಳ್ಳಲು ಗ್ರೇಡಿಂಗಿನವರಲ್ಲಿ ಗಿರಿಜ ಮತ್ತು ಇನ್ನೊಬ್ಬಳು ಸಾಕೆಂದರು. ಸೂಪರ್‌ವೈಸರ್ ಉಳಿದವರ ಮುಂದೆ ನಿಂತು, "ಪೀಲಿಂಗ್ ಬಪ್ಪವ್ರ್ ಈ ಬದಿಗ್ ಬನ್ನಿ," ಎಂದ. ಮೂವರು ಹೋದರು.

"ಜಲಜಕ್ಕ, ನಿಮ್ಗೆ ಗ್ರೇಡಿಂಗ್ ಬಿಟ್ರೆ ಎಂತ ಬತ್ತ್?"

"ಇಪ್ಪತ್ತೆರಡ್ ವರ್ಷ ಬೇರೆಂತ ಕಲ್ಸಿದ್ರಿ ನೀವ್?"

ಅವನಿಗೆ ಹೇಳಿದ ಮಾತು, ಆದರೆ ನೋಡಿದ್ದು ನನ್ನನ್ನು. ನಾನು ಕೈಯಲ್ಲಿದ್ದ ಬೀಜವನ್ನು ನೋಡುತ್ತಾ ಕೂತೆ. ಅವತ್ತೂ ನನ್ನ ತೂಕ ಚೆನ್ನಾಗಿಯೇ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಒಂದೇ ಮೇಜಿಗೆ ಅಂಟಿಸಿ, ಕಣ್ಣು ಸವೆಸಿ, ಕೊನೆಗೆ ನಿನಗೆ ಬೇರೇನು ಬರುತ್ತದೆ ಎಂದು ಕೇಳುವವನ ಬಾಯಿಗೆ ಏನು ಹೇಳೋಣ! ಅವನನ್ನು ಎಷ್ಟು ಬೈದರೂ ಕಡಿಮೆಯೇ. ಆದರೆ ಆ ಒಂದು ತಿಂಗಳು ಅವನ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು.

ಅವಳಿಗೆ ಬೈಂದೂರಿನ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ಉಳಿಯುವುದೂ ಅಲ್ಲೇ. ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಹೋದೆ. ನನ್ನ ಫೋನ್ ಕಸಿದುಕೊಂಡು ಆ ಆಟ ಹಾಕಿ, ತನ್ನ ತಂಡವನ್ನು ತೆರೆದುಕೊಟ್ಟಳು.

"ಅಲ್ಲ್ ಕೆಲ್ಸದ್ ಹೊತ್ತಿಗೆ ಫೋನ್ ಇಟ್ಕಂಬುಕಿಲ್ಲೆ ಅಂಬ್ರ್. ಉದ್ದಣ್ಣನ್ ಇನ್ ನೀ ಕಾಣ್. ಅಂಕ ಒಂಬತ್ತಕ್ಕ್ ಬಂದಿತ್, ಹನ್ನೆರಡ್ ಆಯ್ಕ್. ಅಲ್ಲಿವರಿಗ್ ಸೋಲ್. ನಿಂಗ್ ಸೋಲುಕ್ ಬತ್ತಿಲ್ಲೆ. ಕಲಿ."

ಬಸ್ಸು ಬಂತು. ಕತ್ತು ಬಗ್ಗಿಸಿ ಹತ್ತಿದಳು. ತಿರುಗಿ ನೋಡಲಿಲ್ಲ. ಅವಳನ್ನು ಕಂಡದ್ದು ಅದೇ ಕೊನೆ.

ಮೊದಲ ಶನಿವಾರವೇ ನಾನು ಮಾಡಿದ ಕೆಲಸ ಕೇಳಿ. ಅವಳಿಗೆ ಖುಷಿಯಾಗಲೆಂದು ಉದ್ದಣ್ಣನನ್ನು ರಿಂಗಿನ ಅಡಿ ನಿಲ್ಲಿಸಿದೆ. ಮೂವತ್ತು ಪಾಯಿಂಟುಗಳಿಂದ ಗೆದ್ದೆವು. ರಾತ್ರಿ ಅದರ ಚಿತ್ರ ತೆಗೆದು ಅವಳಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಅವ್ನ್ ರಿಂಗ್ ಅಡಿಗ್ ನಿಲ್ಸ್ದ್ಯಾ?"

"ಗೆದ್ದಿತಲ್ದಾ ಅಕ್ಕ, ಮೂವತ್..."

"ಥೂ! ಒಂದ್ ವಾರ ಹಾಳ್ ಮಾಡ್ದೆ. ನಿಂಗೂ ಆ ಸೂಪರ್‌ವೈಸರಿಗೂ ಎಂತ ವ್ಯತ್ಯಾಸ ಹೆಣೇ? ಇಲ್ಲ್ ನಾ ಬೆಳಿಗ್ಗಿಂದ ಸಂಜಿವರಿಗೂ ಈರುಳ್ಳಿ ಕೊಯ್ತೆ. ಈರುಳ್ಳಿ ಮಾತ್ರ. ಸಾಂಬಾರ್ ಒಲಿ ಹತ್ರ ಬಿಡ್ತಿಲ್ಲೆ ನನ್ನ್."

ಫೋನ್ ಇಟ್ಟುಬಿಟ್ಟಳು. ಆಮೇಲೆ ನಾನು ಮಾಡಿದ ಒಂದು ಕರೆಯನ್ನೂ ಎತ್ತಿಲ್ಲ.

ನನಗೂ ಸಿಟ್ಟು ಬಂತು. ಒಂದು ಆಟಕ್ಕೆ ಇಷ್ಟು ಬೈಯುವುದೇ? ಮೂರು ದಿನ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ. "ಪಾತ್ರೆ ಎಂತ ಮಾಡಿತ್ತ್ ನಿಂಗೆ?" ಎಂದು ನಮ್ಮನೆಯವರು ಕೇಳಿದರು. ತಳ ನೆಗ್ಗಿದ್ದನ್ನು ಆಗ ನೋಡಿದೆ.

ಅಂದಿನಿಂದ ಉದ್ದಣ್ಣ ಗಿಡ್ಡರ ಜಾಗದಲ್ಲಿದ್ದಾನೆ. ಪ್ರತಿ ಶನಿವಾರ ಸೋಲುತ್ತೇನೆ, ಕಂಡಕ್ಟರ್ ಈಗ ನನ್ನನ್ನು ಕೇಳುತ್ತಾನೆ. ಈ ಸೋಮವಾರ ಗಿರಿಜಳನ್ನು ನಾನೇ ಕರೆದು ಪಕ್ಕ ಕೂರಿಸಿಕೊಂಡೆ. ಮೆಷಿನಿನ ಹಿಂದಿನ ಆ ಇಬ್ಬರಲ್ಲೂ ಒಬ್ಬಳು ಸಾಕೆಂಬ ಮಾತು ಆಗಲೇ ಹುಟ್ಟಿದೆ. ಮೆಷಿನ್ ನಿಂತ ಹೊತ್ತಿನಲ್ಲೆಲ್ಲ ಬಂದು ಕೂರುತ್ತಾಳೆ. ಇವತ್ತು ಒಂದು ಬೊಗಸೆ ಬೀಜ ಮುರಿದಳು. "ಎಂತ ಇದ್, ಸುಮತಕ್ಕ? ನಿಮ್ ತೂಕ ಎಲ್ಲಿಗ್ ಹೋಯ್ತ್?" ಎಂದು ಸೂಪರ್‌ವೈಸರ್ ಸಾಲಿಗೆಲ್ಲ ಕೇಳುವಂತೆ ಕೂಗಿದ. "ಒಂದ್ ತಿಂಗ್ಳ್ ಹೀಂಗೇ ಬಪ್ಪುದ್," ಎಂದೆ. ಬೈಸಿಕೊಂಡದ್ದು ಐದು ನಿಮಿಷವೂ ಇಲ್ಲ. ಇಷ್ಟಕ್ಕೆ ಹೆದರಿ ಜಲಜಕ್ಕನನ್ನು ಕಳೆದುಕೊಂಡೆನಲ್ಲ ಎಂದು ತಕ್ಕಡಿಯ ಮುಂದೆಯೇ ಹಲ್ಲು ಕಚ್ಚಿ ನಿಂತೆ.

ಇವತ್ತು ಸೋತ ಪಂದ್ಯದಲ್ಲಿ ಉದ್ದಣ್ಣನ ಅಂಕ ಹತ್ತಾಯಿತು. ಬಸ್ಸಿನಿಂದ ಇಳಿದ ಮೇಲೆ ಜಲಜಕ್ಕನಿಗೆ "ಹತ್ ಆಯ್ತ್" ಎಂದಷ್ಟೇ ಬರೆದು ಕಳಿಸಿದೆ. ಗಿರಿಜಳ ವಿಷಯ ಬರೆಯಲಿಲ್ಲ. ತನಗೆ ಸಿಗದ ತಿಂಗಳು ಗಿರಿಜಳಿಗೆ ಸಿಕ್ಕಿತೆಂದು ತಿಳಿದರೆ ಅವಳಿಗೆ ಇನ್ನೂ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಓದಿದ್ದಾಳೆಂಬ ನೀಲಿ ಗುರುತು ಬಂತು. ಉತ್ತರ ಬರಲಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಹುರಿದ ಬಂಗುಡೆ. ಈರುಳ್ಳಿ ಕೊಯ್ಯಲು ಕೈ ಬರಲಿಲ್ಲ. ಯಾಕೆ ಹಾಕಲಿಲ್ಲವೆಂದು ಯಾರೂ ಕೇಳಲೂ ಇಲ್ಲ. ಅತ್ತೆ ಮೊದಲು ಮಲಗಿದರು, ಆಮೇಲೆ ನಮ್ಮನೆಯವರು.